ಎದುರಾಳಿ ಬೇಕಾಗಿದ್ದಾಳೆ

ಪಿಯುಸಿ ಎರಡನೇ ವರ್ಷದಲ್ಲಿ ನಾನು ಅತಿ ಹೆಚ್ಚು ಮಾತನಾಡಿದ್ದು ನನಗೆ ಉತ್ತರ ಕೊಡದ ಜನರ ಜೊತೆ. ಅವರೆಲ್ಲ ಅಮೆರಿಕದ ಬೇರೆ ಬೇರೆ ಕಾಲೇಜುಗಳ ಸ್ಕ್ವಾಷ್ ಕೋಚ್‌ಗಳು. ಬೆಂಗೇರಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಫಿಸಿಕ್ಸ್ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಅವರಿಗೆ ಇಮೇಲ್ ಬರೆಯುತ್ತಿದ್ದೆ. ನಾನು ಯಾರು, ಯಾವ ಊರು, ಎಷ್ಟು ವರ್ಷದಿಂದ ಆಡುತ್ತಿದ್ದೇನೆ, ನಿಮ್ಮ ಕಾಲೇಜಿನ ತಂಡದಲ್ಲಿ ಆಡುವ ಆಸೆ ಯಾಕೆ. ಬರೆದು, ತಿದ್ದಿ, ಕೋಚ್‌ಗಳ ಹೆಸರಿನ ಕಾಗುಣಿತವನ್ನು ಮತ್ತೊಮ್ಮೆ ನೋಡಿಕೊಂಡು ಕಳಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಮೊಬೈಲ್ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಇದ್ದರೂ ಯಂತ್ರವೇ ಕಳಿಸಿದ ನಾಲ್ಕು ಸಾಲು: ನಿಮ್ಮ ಆಸಕ್ತಿಗೆ ಧನ್ಯವಾದಗಳು.

ಸ್ಕ್ವಾಷ್ ಅಂದರೆ ನಾಲ್ಕು ಗೋಡೆಗಳ ಒಂದು ಕೋಣೆಯೊಳಗೆ ಇಬ್ಬರು ನಿಂತು, ರ‍್ಯಾಕೆಟ್ಟಿನಿಂದ ಪುಟ್ಟ ರಬ್ಬರ್ ಚೆಂಡನ್ನು ಎದುರಿನ ಗೋಡೆಗೆ ಸರದಿಯ ಮೇಲೆ ಹೊಡೆಯುವ ಆಟ. ಇದನ್ನು ನಮ್ಮ ಮನೆಯಲ್ಲೇ ನಾನು ಹಲವು ಸಲ ವಿವರಿಸಬೇಕಾಯಿತು. ದುರ್ಗದಬೈಲಿನಲ್ಲಿ ನಮ್ಮಪ್ಪನದು ಪಾತ್ರೆ ಅಂಗಡಿ. ಒಮ್ಮೆ ಪಕ್ಕದ ಅಂಗಡಿಯವರು ಕೇಳಿದರೆಂದು ಅಪ್ಪ ಮೊಬೈಲಿನಲ್ಲಿ ಹುಡುಕಿದ್ದಾರೆ. ಮೊದಲು ಕುಂಬಳಕಾಯಿಯ ಚಿತ್ರಗಳು, ಆಮೇಲೆ ಕಿತ್ತಳೆ ಶರಬತ್ತಿನ ಬಾಟಲಿಗಳು ಬಂದವಂತೆ, ಇಂಗ್ಲಿಷಿನಲ್ಲಿ ಅವಕ್ಕೂ ಅದೇ ಹೆಸರು. ಮನೆಗೆ ಬಂದವರೇ, "ನೀ ಖರೇನ ಏನ ಆಡ್ತಿ, ಒಮ್ಮೆ ಸರಿಯಾಗಿ ಹೇಳವಾ ನನಗ" ಅಂದರು. ಹೇಳಿದೆ. "ಹಂಗಂದ್ರ ಬ್ಯಾಡ್ಮಿಂಟನ್ ಇದ್ದಂಗ" ಅಂದು ಊಟಕ್ಕೆ ಕುಳಿತರು.

ನನಗೆ ಈ ಆಟ ಹಿಡಿಸಿದವರು ನಮ್ಮ ಓಣಿಯಲ್ಲೇ ಇದ್ದ ಒಬ್ಬ ನಿವೃತ್ತ ಡಾಕ್ಟರು. ಚಿಕ್ಕಂದಿನಲ್ಲಿ ನನಗೆ ಕೆಮ್ಮು ಬಿಡುತ್ತಲೇ ಇರಲಿಲ್ಲ. ಅವ್ವ ಅವರ ಬಳಿ ಕರೆದೊಯ್ದಾಗ ಅವರು ಔಷಧಿ ಬರೆಯದೆ, "ಹುಡುಗೀನ್ನ ಮನ್ಯಾಗ ಕೂಡಿಸಿ ಕೂಡಿಸಿ ಹಿಂಗ ಆಗೇತ್ರಿ. ನಾಳಿಂದ ನನ್ನ ಕೂಡ ಕಳಸ್ರಿ, ಓಡಸ್ತೇನಿ" ಅಂದರು. ಹುಬ್ಬಳ್ಳಿಯ ಹಳೆಯ ಕ್ಲಬ್ಬೊಂದರ ಹಿಂಬದಿಯಲ್ಲಿ ಒಂದೇ ಒಂದು ಸ್ಕ್ವಾಷ್ ಕೋರ್ಟ್ ಇತ್ತು. ಅವರ ಜೊತೆ ಆಡುತ್ತಿದ್ದ ಅಧಿಕಾರಿಗಳು ಒಬ್ಬೊಬ್ಬರಾಗಿ ವರ್ಗವಾಗಿ ಹೋಗಿದ್ದರು. ಅವರಿಗೆ ಜೊತೆ ಬೇಕಿತ್ತು, ನನ್ನ ಕೆಮ್ಮು ಹೋಗಬೇಕಿತ್ತು. ಕೆಮ್ಮು ಹೋಯಿತು. ಆಟ ಉಳಿಯಿತು. ಅವರನ್ನು ನಾನು ಕಾಕಾ ಅನ್ನುತ್ತಿದ್ದೆ.

ನಾನು ಮೆಟ್ರಿಕ್ ಮುಗಿಸಿದ ಬೇಸಿಗೆಯಲ್ಲಿ ಕಾಕಾ ಅವರಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದರು. ಆಮೇಲೆ ಆಡುವುದು ಬಂದ್. ಆದರೂ ಬೆಳಿಗ್ಗೆ ನನ್ನ ಜೊತೆ ಕ್ಲಬ್ಬಿಗೆ ಬಂದು, ಕೋರ್ಟಿನ ಮೇಲಿನ ಸಣ್ಣ ಗ್ಯಾಲರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಒಬ್ಬಳೇ ಆಡುವುದು ಹೇಗಿರುತ್ತದೆ ಎಂಬುದು ನನಗೆ ಆಗ ಗೊತ್ತಾಯಿತು. ಸ್ಕ್ವಾಷ್ ಚೆಂಡು ಹೊಡೆತ ಬಿದ್ದಂತೆ ಬಿಸಿಯಾಗುತ್ತದೆ, ಬಿಸಿಯಾದರಷ್ಟೇ ಪುಟಿಯುತ್ತದೆ. ಇಬ್ಬರು ಹೊಡೆಯುತ್ತಿದ್ದರೆ ಅದು ತಾನಾಗಿಯೇ ಬೆಚ್ಚಗಿರುತ್ತದೆ. ಒಬ್ಬಳೇ ಇದ್ದಾಗ ನೀರು ಕುಡಿದು ಬರುವಷ್ಟರಲ್ಲಿ ತಣ್ಣಗಾಗಿ ಮಣ್ಣಿನ ಉಂಡೆಯ ಹಾಗೆ ನೆಲಕ್ಕೆ ಬೀಳುತ್ತಿತ್ತು. ಚಳಿಗಾಲದಲ್ಲಿ ಅದನ್ನು ಕಂಕುಳಲ್ಲಿ ಒತ್ತಿಹಿಡಿದು ನಿಲ್ಲುತ್ತಿದ್ದೆ. ಮದುವೆ ಸೀಸನ್ ಬಂದರೆ ಕ್ಲಬ್ಬಿನವರು ಬಾಡಿಗೆ ಕುರ್ಚಿಗಳನ್ನೆಲ್ಲ ಕೋರ್ಟಿನೊಳಗೇ ಪೇರಿಸಿಡುತ್ತಿದ್ದರು. ಆ ದಿನಗಳಲ್ಲಿ ಕಾಕಾ ಮತ್ತು ನಾನು ಹೊರಗೆ ಬೇವಿನ ಮರದ ಕೆಳಗೆ ಸುಮ್ಮನೆ ಕೂತು ಚಹಾ ಕುಡಿದು ಮನೆಗೆ ಬರುತ್ತಿದ್ದೆವು.

ಅಮೆರಿಕದ ಕೋಚ್‌ಗಳ ವಿಷಯ ನನ್ನ ಕಿವಿಗೆ ಬಿದ್ದದ್ದು ಪುಣೆಯಲ್ಲಿ. ಅಲ್ಲೊಂದು ಜೂನಿಯರ್ ಪಂದ್ಯಾವಳಿಗೆ ಅಪ್ಪನ ಜೊತೆ ಹೋಗಿದ್ದೆ. ಮೊದಲ ಸುತ್ತಿನಲ್ಲೇ ಸೋತು ಮೆಟ್ಟಿಲ ಮೇಲೆ ಕೂತಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಮುಂಬೈ, ಚೆನ್ನೈ ಕಡೆಯ ಹುಡುಗಿಯರು ಒಬ್ಬರ ತೊಡೆಯ ಮೇಲೊಬ್ಬರು ಕಾಲು ಚಾಚಿಕೊಂಡು, ಯಾರು ಯಾವ ಕಾಲೇಜಿನ ಕೋಚ್‌ಗೆ ಬರೆದರು, ಯಾರಿಗೆ ಉತ್ತರ ಬಂತು ಎಂದು ಮಾತಾಡುತ್ತಿದ್ದರು. ಅಲ್ಲಿಯ ಕಾಲೇಜುಗಳಿಗೆ ಆಟಗಾರರು ಬೇಕು, ಕೋಚ್ ಒಪ್ಪಿದರೆ ಸೀಟು ಸಿಗುವುದು ಸುಲಭ, ಅದಕ್ಕೆ ನಾವೇ ಮೊದಲು ಬರೆಯಬೇಕು. ಇಷ್ಟು ತಿಳಿಯಿತು. ನಾನು ಶೂ ಲೇಸು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಎಲ್ಲವನ್ನೂ ಕೇಳಿಸಿಕೊಂಡೆ. ಅವರ ಹತ್ತಿರ ಹೋಗಿ ಕೇಳುವ ಧೈರ್ಯ ಬರಲಿಲ್ಲ. ನನಗೆ ಕಂಡದ್ದು ಅಮೆರಿಕ ಅಲ್ಲ. ದಿನಾ ಬೆಳಿಗ್ಗೆ ಎದ್ದರೆ ನನ್ನ ಜೊತೆ ಆಡಲು ಹತ್ತು ಜನ ಹುಡುಗಿಯರು ಕಾಯುತ್ತಿರುವ ಒಂದು ಜಾಗ.

ಉತ್ತರ ಕೊಟ್ಟವಳು ಒಬ್ಬಳೇ. ಯಾವುದೋ ಸಣ್ಣ ಊರಿನ ಕಾಲೇಜಿನ ಕೋಚ್. ಯಂತ್ರದ ಉತ್ತರವಲ್ಲ, ಅವಳೇ ಕೂತು ಬರೆದದ್ದು. ನೀನೊಬ್ಬಳೇ ಚೆಂಡು ಹೊಡೆಯುವ ವಿಡಿಯೊ ನೋಡಿದೆ, ಹೊಡೆತ ಚೆನ್ನಾಗಿದೆ, ಆದರೆ ಇದರಿಂದ ನನಗೆ ಏನೂ ತಿಳಿಯುವುದಿಲ್ಲ, ಒಂದು ಪೂರ್ತಿ ಪಂದ್ಯದ ವಿಡಿಯೊ ಕಳಿಸು, ಕತ್ತರಿಸದೆ ಕಳಿಸು ಎಂದಿದ್ದಳು.

ಕಾಕಾಗೆ ಓದಿ ಹೇಳಿದೆ. ಅವರು ತಮ್ಮ ಮೊಣಕಾಲು ತಿಕ್ಕಿಕೊಂಡರು. "ನಾ ಆಡಬಹುದಿತ್ತು. ಆದ್ರ ನಮ್ಮ ಮನಿಯಾಕಿ ನನ್ನ ಜೀವಂತ ಬಿಡೂದಿಲ್ಲ" ಅಂದರು. ನಕ್ಕರು. ನನಗೆ ನಗು ಬರಲಿಲ್ಲ. ಅವಳಿ ನಗರ ಎರಡನ್ನೂ ಜಾಲಾಡಿದರೂ ನನ್ನ ಜೊತೆ ಒಂದು ಪಂದ್ಯ ಆಡುವ ಹೆಣ್ಣುಮಗಳು ಸಿಗುವಂತಿರಲಿಲ್ಲ. ಮುಂದಿನ ಪಂದ್ಯಾವಳಿ ಇನ್ನೂ ದೂರವಿತ್ತು. ಕಾಲೇಜಿನ ಗೆಳತಿಯರು ಸಿಇಟಿ, ನೀಟ್ ಎಂದು ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದರು. ಅವರ ಮಾತಿನಲ್ಲಿ ಬರುವ ಕೋಚಿಂಗ್ ಬೇರೆ, ನನ್ನ ಮನಸ್ಸಿನಲ್ಲಿದ್ದ ಕೋಚ್ ಬೇರೆ. ನಾನು ಬರೆದ ಇಮೇಲುಗಳ ಸುದ್ದಿಯನ್ನು ಅವರಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಶನಿವಾರ ಸಂಜೆ ಕ್ಲಬ್ಬಿನಿಂದ ನೇರ ಅಂಗಡಿಗೆ ಹೋಗಿದ್ದೆ. ರ‍್ಯಾಕೆಟ್ಟಿನ ಬ್ಯಾಗನ್ನು ಕುಕ್ಕರ್‌ಗಳ ಪಕ್ಕ ಒರಗಿಸಿ, ಅಪ್ಪ ಚಹಾ ಕುಡಿದು ಬರುವತನಕ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದೆ. ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ತನ್ನ ತಾಯಿಯ ಜೊತೆ ಟಿಫಿನ್ ಡಬ್ಬಿ ಕೊಳ್ಳಲು ಬಂದಿದ್ದಳು. ತಲೆಯ ಮೇಲೆ ದುಪಟ್ಟಾ, ಕೊರಳಲ್ಲಿ ಕಾರ್ಖಾನೆಯ ಐಡಿ ಕಾರ್ಡು. ಡಬ್ಬಿಯ ಮುಚ್ಚಳ ತಿರುವಿ ನೋಡುತ್ತಿದ್ದವಳ ಕೈ ಹಾಗೆಯೇ ನಿಂತಿತು.

"ಈ ಸ್ಕ್ವಾಷ್ ಬ್ಯಾಗ್ ಯಾರ್ದು?" ಅಂದಳು.

ನಮ್ಮ ಊರಿನಲ್ಲಿ ಆ ಬ್ಯಾಗನ್ನು ಯಾರೂ ಅದುವರೆಗೆ ಸರಿಯಾದ ಹೆಸರಿನಿಂದ ಕರೆದಿರಲಿಲ್ಲ. ನಾನು ಎದ್ದುನಿಂತೆ. "ನಂದ್ರಿ ಮೇಡಮ್."

"ಇಲ್ಲೆ ಕೋರ್ಟ್ ಐತೇನು? ಹುಬ್ಬಳ್ಳ್ಯಾಗ?"

"ಐತ್ರಿ. ಒಂದ ಐತಿ. ನೀವು ಆಡ್ತೀರೇನ್ರಿ?"

ಅವಳು ಉತ್ತರ ಕೊಡುವ ಮೊದಲು ಅವಳ ತಾಯಿ ಹೇಳಿದರು: "ಆಡತಿದ್ಲು ಬೇಟಾ. ಚೆನ್ನೈದಾಗ ಸಾಲಿ, ಇಂಜಿನಿಯರಿಂಗ್ ಕಲಿಯೂ ಮುಂದ ಅದ ಹುಚ್ಚು. ಕಪ್ಪು ತಂದಾಳ ಮನಿ ತುಂಬ."

ಅವಳು ಧಾರವಾಡದವಳು. ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಚೆನ್ನೈ ಬಿಟ್ಟ ಮೇಲೆ ರ‍್ಯಾಕೆಟ್ ಮುಟ್ಟಿರಲಿಲ್ಲ. ಅಪ್ಪ ಬರುವಷ್ಟರಲ್ಲಿ ನಾನು ಕೋಚ್, ವಿಡಿಯೊ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೆ. ಅಷ್ಟೊಂದು ಮಾತು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಅವಳು ಕೇಳಿಸಿಕೊಂಡು, "ರವಿವಾರ ಬರ್ತೇನಿ. ಅಕ್ಕಾ ಅನ್ನು, ಆಪಾ ಅನ್ನು, ಮೇಡಮ್ ಮಾತ್ರ ಅನಬ್ಯಾಡ" ಅಂದಳು.

ಮೊದಲ ಭಾನುವಾರ ಆಪಾ ಉಸಿರು ಸಾಲದೆ ಗೋಡೆ ಹಿಡಿದು ನಿಂತಳು. ಎರಡನೆಯ ಭಾನುವಾರ ನಾನು ಓಡತೊಡಗಿದೆ. ಆಮೇಲಿನ ಭಾನುವಾರಗಳಲ್ಲಿ ನಾನಷ್ಟೇ ಓಡುತ್ತಿದ್ದೆ, ಅವಳು ಕೋರ್ಟಿನ ನಡುವೆ ನಿಂತಿರುತ್ತಿದ್ದಳು. ಗ್ಯಾಲರಿಯಲ್ಲಿ ಕಾಕಾ ಸ್ವೆಟರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿ ನೋಡುತ್ತಿದ್ದರು. ವಿಡಿಯೊ ಮಾಡುವ ದಿನ ಅವ್ವನೂ ಬಂದಳು. ನಾನು ಆಡುವುದನ್ನು ಅವಳು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ನೋಡಿ ಕಾಕಾನ ಕಡೆ ತಿರುಗಿ, "ಇಷ್ಟ್ಯಾಕ ಸಿಟ್ಟಿಲೆ ಗ್ವಾಡಿ ಬಡೀತಾರ್ರಿ ಡಾಕ್ಟರ್, ಪಾಪ!" ಅಂದಳು. ಅದು ವಿಡಿಯೊದಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಆ ಪಂದ್ಯವನ್ನು ನಾನು ಸೋತೆ. ಒಂದು ಗೇಮ್ ಕೂಡ ಸಿಗಲಿಲ್ಲ. ಸೋತ ಪಂದ್ಯ ಕಳಿಸುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಕಾಕಾ, "ಸೋತಿದ್ದು ಖರೇ, ಕಳಿಸು. ನೀ ಹೆಂಗ ಆಡ್ತಿ ನೋಡಾಕ ಕೇಳ್ಯಾಳ" ಅಂದರು. ಕಳಿಸಿದೆ.

ಈ ಸಲ ಉತ್ತರ ಬೇಗ ಬಂತು. ಮಹಡಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಕೋಚ್ ನನ್ನ ಬಗ್ಗೆ ಎರಡು ಮಾತು ಬರೆದಿದ್ದಳು. ನಿನ್ನ ಹೊಡೆತಗಳು ಶುದ್ಧವಾಗಿವೆ, ಆದರೆ ನೀನು ಪಂದ್ಯದುದ್ದಕ್ಕೂ ಎದುರಿನ ಗೋಡೆಯನ್ನಷ್ಟೇ ನೋಡುತ್ತೀಯ, ಜೊತೆಯಲ್ಲಿರುವವಳ ಕಡೆ ಒಮ್ಮೆಯೂ ತಿರುಗುವುದಿಲ್ಲ, ಕೋರ್ಟಿನಲ್ಲಿ ನೀನೊಬ್ಬಳೇ ಇರುವ ಹಾಗೆ ಆಡುತ್ತೀಯ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಆ ಇನ್ನೊಬ್ಬ ಆಟಗಾರ್ತಿ ಯಾರು? ಅವಳು ಯಾವ ವರ್ಷ ಕಾಲೇಜಿಗೆ ಅರ್ಜಿ ಹಾಕುತ್ತಿದ್ದಾಳೆ?

ಕೆಳಗೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕೇಳುತ್ತಾ ನಾನು ಅಲ್ಲೇ ಕೂತೆ. ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು, ಅಷ್ಟೇ. ಇಷ್ಟು ತಿಂಗಳು ಕಾದು ಕಾದು, ಕೊನೆಗೆ ಒಬ್ಬರು ನನ್ನ ಕಡೆ ನೋಡಿದರು ಅನ್ನುವಾಗ, ಅವರು ನೋಡಿದ್ದು ನನ್ನ ಪಕ್ಕದವಳನ್ನು.

ಭಾನುವಾರ ಆಟಕ್ಕೆ ಮೊದಲೇ ಆಪಾಗೆ ಮೊಬೈಲ್ ಕೊಟ್ಟೆ. ಓದಿದಳು. ಜೋರಾಗಿ ನಕ್ಕಳು. "ಅಯ್ ಅಲ್ಲಾ! ನಾ ಅರ್ಜಿ ಹಾಕೂದಂತ! ನಮ್ಮ ಫ್ಯಾಕ್ಟರ್ಯಾಗ ಹುಡುಗ್ರು ನಂಗ ಆಂಟಿ ಅಂತಾರ, ಗೊತ್ತೇನ ಈಕಿಗೆ?" ನಾನೂ ನಕ್ಕೆ. ಅವಳು ಇನ್ನೊಮ್ಮೆ ಓದಿದಳು. ನಗು ಎಲ್ಲೋ ಹೋಯಿತು. ಕೋರ್ಟಿನ ಮರದ ನೆಲದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ನಿನಗ ಈ ಕೋಚ್‌ಗೊಳಿಗೆ ಬರೀಬೇಕಂತ ಹೆಂಗ ಗೊತ್ತಾತು?" ಎಂದು ಕೇಳಿದಳು.

"ಪುಣೆದಾಗ ಹುಡುಗ್ಯಾರು ಮಾತಾಡೂದು ಕೇಳಿಸ್ಕೊಂಡೆ, ಆಪಾ."

"ಹೌದು. ನಾ ಕೇಳಿಸ್ಕೊಂಡಿದ್ದಿಲ್ಲ." ಮೊಬೈಲ್ ನನ್ನ ಕೈಗಿಟ್ಟಳು. "ನಾ ಹನ್ನೆರಡನೇತ್ತೆ ಇದ್ದಾಗ ನನ್ನ ಕೂಡ ಆಡೂವಾಕಿ ಒಬ್ಬಾಕಿ ಅಮೆರಿಕಾಕ್ಕ ಹೋದ್ಲು. ನಾ ಆಕಿನ್ನ ಸೋಲಸ್ತಿದ್ದೆ. ಆಕಿ ಹೆಂಗ ಹೋದ್ಲು ಅಂತ ನಾ ಕೇಳಲೇ ಇಲ್ಲ. ಅಂಥಾದ್ದು ನಮ್ಮಂಥವರು ಕೇಳಬಹುದು ಅಂತನ ನಂಗ ತಿಳೀಲಿಲ್ಲ."

ಅವತ್ತು ನಾವು ಆಡಲಿಲ್ಲ. ಮುಂದಿನ ಭಾನುವಾರ ಆಪಾ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಶಿಫ್ಟ್ ಇದೆ ಎಂದು ಮೆಸೇಜ್ ಬರುತ್ತಿತ್ತು. ಅದು ಶಿಫ್ಟ್ ಅಲ್ಲವೆಂದು ನನಗೆ ಗೊತ್ತಿತ್ತು. ಆದರೆ ಏನು ಕೇಳುವುದು? ನಾನು ಮತ್ತೆ ಒಬ್ಬಳೇ ಚೆಂಡು ಹೊಡೆಯತೊಡಗಿದೆ. ಮೊದಲೂ ಒಬ್ಬಳೇ ಇದ್ದೆ. ಆಗ ಕೋರ್ಟಿನ ಇನ್ನೊಂದು ಬದಿ ಅಷ್ಟು ಖಾಲಿ ಅನ್ನಿಸುತ್ತಿರಲಿಲ್ಲ.  ಮೇಲೆ ಕಾಕಾ ಕೆಲವು ಸಲ ತೂಕಡಿಸುತ್ತಿದ್ದರು.

ಮತ್ತೊಂದು ಭಾನುವಾರ ನಾನು ಹೋಗುವಷ್ಟರಲ್ಲಿ ಆಪಾ ಕೋರ್ಟಿನೊಳಗೆ ಇದ್ದಳು. ಚೆಂಡನ್ನು ಆಗಲೇ ಬಿಸಿ ಮಾಡಿದ್ದಳು. ನಾನು ಶೂ ಕಟ್ಟಿಕೊಂಡೆ.

"ಆಕಿ ಬರೆದಿದ್ದು ಸುಳ್ಳಲ್ಲ" ಅಂದಳು. "ನೀ ಒಮ್ಮೀನೂ ನನ್ನ ಕಡೆ ನೋಡೂದಿಲ್ಲ. ಚಂಡ ಹೊಡದ ಮ್ಯಾಲೆ ಗ್ವಾಡಿ ನೋಡಬ್ಯಾಡ. ಹೊಳ್ಳಿ ನನ್ನ ನೋಡು. ನನ್ನ ಭುಜ ನೋಡು, ಕಾಲು ನೋಡು. ನಾ ಎಲ್ಲಿ ಹೊಡೀತೇನಿ ಅದರಾಗ ಕಾಣ್ತೈತಿ."

ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ವರ್ಷಗಟ್ಟಲೆ ಗೋಡೆ ನೋಡಿ ಬೆಳೆದ ಕುತ್ತಿಗೆ ತಿರುಗುತ್ತಲೇ ಇರಲಿಲ್ಲ. "ನನ್ನ ನೋಡು!" ಎಂದು ಅವಳು ಕೂಗುವಳು. ನೋಡಿದರೆ ಚೆಂಡು ತಪ್ಪುತ್ತಿತ್ತು. ಚೆಂಡು ನೋಡಿದರೆ ಅವಳು ಮತ್ತೆ ಕೂಗುವಳು. ಬರಬರುತ್ತಾ ತಿರುಗುವುದು ಕಲಿತೆ. ಅವಳು ಬಲಗಾಲು ಮುಂದಿಡುವ ಬಗೆ, ನಿಧಾನವಾಗಿ ಹೊಡೆಯಬೇಕೆಂದಾಗ ತುಟಿ ಬಿಗಿಯುವುದು, ಸುಸ್ತಾದಾಗ ಎಡಗೈಯಿಂದ ದುಪಟ್ಟಾದ ಗಂಟು ಮುಟ್ಟಿಕೊಳ್ಳುವುದು ಕಾಣತೊಡಗಿತು. ಅಲ್ಲಿಯವರೆಗೆ ಯಾರನ್ನೂ ನಾನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅವ್ವನನ್ನೂ ಹಾಗೆಯೇ ನೋಡಿಬಿಡುತ್ತಿದ್ದೆ. "ಏನ ಹಂಗ ನೋಡಾಕತ್ತಿ?" ಎಂದು ಅವಳು ಸೆರಗು ಸರಿಮಾಡಿಕೊಳ್ಳುವಳು.

ಹೊಸ ವಿಡಿಯೊ ಕಳಿಸಿದೆ. ಆಪಾ ಅರ್ಜಿ ಹಾಕುವ ವಯಸ್ಸಿನವಳಲ್ಲ, ಕಾರ್ಖಾನೆಯಲ್ಲಿ ಇಂಜಿನಿಯರ್ ಎಂದೂ ಬರೆದೆ. ಕೋಚ್ ಮುಖತಃ ಮಾತಾಡೋಣ ಎಂದು ಒಂದು ಸಂಜೆ ವಿಡಿಯೊ ಕರೆಗೆ ಸಮಯ ಕೊಟ್ಟಳು. ಅವ್ವ ಹಣೆಗೆ ವಿಭೂತಿ ಹಚ್ಚಿದಳು. ಅಪ್ಪ ಅವತ್ತು ಅಂಗಡಿಯನ್ನು ಆಳುಗಳಿಗೆ ಬಿಟ್ಟು ಬೇಗ ಬಂದು, ತೆರೆಯ ಮೇಲೆ ಕಾಣದಂತೆ ಬಾಗಿಲ ಮರೆಯಲ್ಲಿ ನಿಂತರು.

ಅವಳ ಕಡೆ ಬೆಳಿಗ್ಗೆ. ಹಿಂದಿನ ಕಿಟಕಿಯಲ್ಲಿ ಎಲೆಯಿಲ್ಲದ ಮರಗಳು. ನಮ್ಮ ತಂದೆತಾಯಿಯವರಿಗಿಂತ ಸ್ವಲ್ಪ ಚಿಕ್ಕವಳು, ನಿಧಾನ ಮಾತು. ನನ್ನ ಆಟ ಬದಲಾಗಿದೆ ಅಂದಳು. ಇಷ್ಟು ಬೇಗ ಹೀಗೆ ಬದಲಾದವರನ್ನು ಕಡಿಮೆ ಕಂಡಿದ್ದೇನೆ ಅಂದಳು.  ಆಮೇಲೆ, ನಮ್ಮ ತಂಡದಲ್ಲಿ ಈ ವರ್ಷ ಇದ್ದ ಜಾಗ ಕಡಿಮೆ, ಅವು ತುಂಬಿವೆ, ನಿನಗೆ ಸುಳ್ಳು ಆಸೆ ತೋರಿಸಲಾರೆ ಅಂದಳು. ಬೇರೆಯವರಿಗೆ ಬರೆ, ನನ್ನ ಹೆಸರು ಹೇಳು. ನಾನು ಥ್ಯಾಂಕ್ಯೂ ಅಂದೆ. ಮತ್ತೊಮ್ಮೆ ಥ್ಯಾಂಕ್ಯೂ ಅಂದೆ.

ಕರೆ ಮುಗಿದ ಮೇಲೆ ಅಪ್ಪ ಒಳಗೆ ಬಂದರು. "ಏನಂದ್ಲವಾ?"

"ಇಲ್ಲ ಅಂದ್ಲು, ಅಪ್ಪಾ."

ಅವರು ಮಂಚದ ತುದಿಗೆ ಕೂತರು.  "ಸಮಾಧಾನದಿಂದ ಹೇಳಿದ್ಲೋ, ಸಿಟ್ಟಿಲೆ ಹೇಳಿದ್ಲೋ?" ಎಂದು ಕೇಳಿದರು. ಸಮಾಧಾನದಿಂದಲೇ ಅಂದೆ. "ಹಂಗಾದ್ರ ಛಲೋ ಹೆಣ್ಣಮಗಳ ಅಕಿ" ಅಂದರು. ಅದೊಂದು ಮಾತಿಗೆ ನನಗೆ ಅಳು ಬಂತು.

ಅವಳು ಹೇಳಿದಂತೆ ಬೇರೆಯವರಿಗೆ ಬರೆದೆ. ಒಬ್ಬ ಕೋಚ್ ತಂಡದ ಕೊನೆಯಲ್ಲಿ ಜಾಗ ಕೊಡುತ್ತೇನೆಂದ. ಆದರೆ ಆ ಕಾಲೇಜಿನವರು ಪ್ರವೇಶ ಕೊಡಲಿಲ್ಲ. ಅಷ್ಟರಲ್ಲಿ ಇಲ್ಲಿಯ ಫಲಿತಾಂಶ ಬಂತು. ನಾನು ಧಾರವಾಡದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಅದೇ ಮಳೆಗಾಲದಲ್ಲಿ ಆಪಾಳಿಗೆ ಪುಣೆಯ ಕಾರ್ಖಾನೆಗೆ ವರ್ಗವಾಯಿತು. ಕಾಕಾನಿಗೆ ಗ್ಯಾಲರಿಯ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ, ಮನೆಯಿಂದ ಬರುವುದನ್ನೇ ನಿಲ್ಲಿಸಿದರು. ನಾನು ಕಾಲೇಜಿಗೆ ಹೋಗುವ ಮೊದಲು ಕ್ಲಬ್ಬಿಗೆ ಹೋಗಿ, ಒಬ್ಬಳೇ ಹೊಡೆದು, ಒಬ್ಬಳೇ ದೀಪ ಆರಿಸಿ ಬಸ್ಸಿಗೆ ನಿಲ್ಲುತ್ತಿದ್ದೆ. ಈಗಲೂ ಹೊಡೆದಾಗಲೆಲ್ಲ ಹಿಂದಕ್ಕೆ ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಕಲಿತದ್ದು ಬಿಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ಆಪಾ ಫೋನ್ ಮಾಡಿ, "ಇಲ್ಲೆ ಹೆಣ್ಣಮಕ್ಕಳ ಒಂದ ಟೂರ್ನಮೆಂಟ್ ಐತಿ. ಹೆಸರು ಕೊಟ್ಟೇನಿ. ಹುಚ್ಚಿ ಅನಬ್ಯಾಡ" ಅಂದಳು. ನಾನು ರೈಲು ಹತ್ತಿದೆ. ಅವಳ ಎದುರಿಗಿದ್ದವರೆಲ್ಲ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಅವರ ಹಿಂದೆ ಕೋಚ್, ಗೆಳತಿಯರು, ತಾಯಂದಿರು. ಆಪಾಳ ಹಿಂದೆ ನಾನು, ಅವಳ ನೀರಿನ ಬಾಟಲಿ ಹಿಡಿದುಕೊಂಡು. ಅವಳು ಸೆಮಿಫೈನಲ್ ತನಕ ಹೋದಳು. ಅಲ್ಲಿ ಸೋತಳು. ಗೆದ್ದ ಹುಡುಗಿ ಬಂದು ಅವಳ ಕೈ ಕುಲುಕಿ, ನೀವು ಯಾವ ಅಕಾಡೆಮಿ ಎಂದು ಕೇಳಿದಳು. ಆಪಾ ಬೆವರು ಒರೆಸಿಕೊಳ್ಳುತ್ತಾ "ಹುಬ್ಬಳ್ಳಿ" ಅಂದಳು. ಆ ಹುಡುಗಿ ತಲೆ ಆಡಿಸಿ ಹೋದಳು.

ಅವಳ ಬಾಡಿಗೆ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿದೆವು. ಒಂದೇ ಕೋಣೆ. ಗೋಡೆಗೆ ಒಂದು ಕ್ಯಾಲೆಂಡರ್ ಬಿಟ್ಟರೆ ಏನಿಲ್ಲ. ಅವಳು ಮಾಡಿದ ಖೀಮಾ ಅವಳಿಗೆ, ನನಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ ಬದನೆಕಾಯಿ ಪಲ್ಯ. "ಇಲ್ಲೆ ಆಡೂ ಮಂದಿ ಭಾಳ ಅದಾರ" ಅಂದಳು, ನನ್ನ ತಾಟಿಗೆ ಬಡಿಸುತ್ತಾ. "ದಿನಾ ಒಬ್ಬಾಕಿ ಸಿಗ್ತಾಳ. ಆಡ್ತೇವಿ, ಬ್ಯಾಗ್ ಏರಿಸ್ಕೊಂಡು ಹೋಗ್ತೇವಿ. ಮಾತಾಡೂ ಮಂದಿ ಇಲ್ಲ ನೋಡು."

"ನಮ್ಮಲ್ಲೆ ಬರೇ ಮಾತಾಡೂ ಮಂದಿ ಅದಾರ, ಆಪಾ."

ಅವಳು ನಕ್ಕಳು. ಎರಡನೇ ಶಿಫ್ಟಿಗೆ ಹೋಗಬೇಕಿತ್ತು, ಆದರೂ ಸ್ಟೇಷನ್ನಿಗೆ ಬಂದಳು. ರೈಲು ತಡವಾಗಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಸೋತ ಪಂದ್ಯದ ಒಂದೊಂದು ಪಾಯಿಂಟನ್ನೂ ಮತ್ತೆ ಆಡಿದೆವು, ಕೈಗಳಿಂದ, ಗಾಳಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಗಾಬರಿಯಿಂದ ಸ್ವಲ್ಪ ಆಚೆ ಸರಿದರು. ಗಡಿಯಾರ ನೋಡಿ ಆಪಾ ಎದ್ದಳು. ರೈಲು ಇನ್ನೂ ಬಂದಿರಲಿಲ್ಲ. "ಹೋಗಿ ಮುಟ್ಟಿದ ಮ್ಯಾಲೆ ಫೋನ್ ಮಾಡು" ಅಂದವಳು, ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಳ್ಳುತ್ತಾ ಮೆಟ್ಟಿಲ ಸೇತುವೆ ಹತ್ತಿ ಜನರ ನಡುವೆ ಹೋದಳು. ನಾನು ಬ್ಯಾಗನ್ನು ಕಾಲುಗಳ ನಡುವೆ ಇಟ್ಟುಕೊಂಡು ರೈಲಿಗೆ ಕಾದೆ.